ಹೆಪ್ಪುಗಟ್ಟಿದ ಮಾಂಸ ಮತ್ತು ಬೆಕ್ಕಿನ ಪರಾವಲಂಬಿಗಳು

ಉದ್ದೇಶ: ಶೈತ್ಯವು ಯಾವ ಪರಾವಲಂಬಿಗಳನ್ನು ಕೊಲ್ಲುತ್ತದೆ, ಯಾವುವನ್ನು ಕೊಲ್ಲಲಾರದು ಎಂಬುದನ್ನು ವಿದ್ಯಾರ್ಥಿಗಳು ಕಾರಣಸಹಿತ ವಿವರಿಸುವಂತಾಗುವುದು.

ವಿಷಯ ನಿರೂಪಣೆ

‘ಫ್ರೀಜರಿನಲ್ಲಿಟ್ಟ ಮಾಂಸದಲ್ಲಿ ಕ್ರಿಮಿಗಳೆಲ್ಲ ಸಾಯುತ್ತವೆ’ ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧಸತ್ಯವೆಂಬುದನ್ನು ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ ಏಕಕೋಶಜೀವಿಯ ಮೂಲಕ ತೋರಿಸಬಹುದು. 1908ರಲ್ಲಿ ಗುರುತಿಸಲಾದ ಈ ಜೀವಿಯು ಕುರಿ, ಆಡು, ಹಂದಿ, ಇಲಿ ಮೊದಲಾದವುಗಳ ಸ್ನಾಯುವಿನಲ್ಲಿ ಸೂಕ್ಷ್ಮ ಗೂಡುಗಳಾಗಿ ನೆಲೆಸುತ್ತದೆ. ಅಂತಹ ಹಸಿಮಾಂಸ ತಿಂದ ಬೆಕ್ಕಿನ ಕರುಳಿನಲ್ಲಿ ಅದರ ಲೈಂಗಿಕ ಸಂತಾನೋತ್ಪತ್ತಿ ನಡೆದು, ಗಟ್ಟಿ ಕವಚದ ಊಸಿಸ್ಟ್‌ಗಳು ಮಲದೊಡನೆ ಹೊರಬೀಳುತ್ತವೆ.

ಮಾಂಸ ಹೆಪ್ಪುಗಟ್ಟಿದಾಗ ನೀರು ಹರಳಾಗುತ್ತದೆ. ಹರಳುಗಳು ಪೊರೆಯನ್ನು ಹರಿಯುತ್ತವೆ. ಉಳಿದ ದ್ರವದಲ್ಲಿ ಲವಣಾಂಶವು ಸಾಂದ್ರಗೊಂಡು ಜೀವಿಯ ನೀರನ್ನು ಹೀರಿಕೊಳ್ಳುತ್ತದೆ. ಮಾಂಸದ ನಡುಭಾಗವೂ −12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಗೂಡುಗಳು ಬಹುಪಾಲು ನಾಶವಾಗುತ್ತವೆ. ಆದರೆ ಫ್ರಿಜ್ಜಿನ ಕೆಳಗಿನ ಅರೆಗಳ 4 ಡಿಗ್ರಿಯಲ್ಲಿ ಅವು ವಾರಗಟ್ಟಲೆ ಬದುಕಬಲ್ಲವು. ಆದ್ದರಿಂದ ‘ತಂಪಾಗಿಸುವುದು’ ಮತ್ತು ‘ಹೆಪ್ಪುಗಟ್ಟಿಸುವುದು’ ಎಂಬ ಪದಗಳ ವ್ಯತ್ಯಾಸವನ್ನು ಮೊದಲೇ ಸ್ಪಷ್ಟಪಡಿಸಬೇಕು.

ಶೈತ್ಯದ ಮಿತಿಗಳು ಮೂರು. ಒಂದು, ದಪ್ಪ ಮತ್ತು ಅವಧಿ: ಟ್ರೈಕಿನೆಲ್ಲಾ ಸ್ಪೈರಾಲಿಸ್ ಎಂಬ ದುಂಡುಹುಳುವಿನ ನಾಶಕ್ಕೆ 15 ಸೆಂಟಿಮೀಟರಿಗಿಂತ ತೆಳುವಾದ ಹಂದಿಮಾಂಸವನ್ನು −15 ಡಿಗ್ರಿಯಲ್ಲಿ 20 ದಿನ ಇಡಬೇಕು. ಎರಡು, ಪ್ರಭೇದ: ಧ್ರುವಪ್ರದೇಶದ ಕರಡಿಗಳಲ್ಲಿರುವ ಟ್ರೈಕಿನೆಲ್ಲಾ ನೇಟಿವಾ ದೀರ್ಘ ಶೈತ್ಯವನ್ನೂ ಸಹಿಸುತ್ತದೆ. ಮೂರು, ಬ್ಯಾಕ್ಟೀರಿಯಾ: ಸಾಲ್ಮೊನೆಲ್ಲಾದಂತಹವು ಹಿಮದಲ್ಲಿ ಬೆಳೆಯುವುದನ್ನು ನಿಲ್ಲಿಸುತ್ತವೆಯೇ ಹೊರತು ಎಲ್ಲವೂ ಸಾಯುವುದಿಲ್ಲ. ಆದಕಾರಣ ಬೆಕ್ಕಿಗೂ ಮನುಷ್ಯರಿಗೂ ಪೂರ್ಣವಾಗಿ ಬೇಯಿಸಿದ ಮಾಂಸವೇ ಸುರಕ್ಷಿತ. ಗೂಡುಗಳು 67 ಡಿಗ್ರಿಯಲ್ಲಿಯೇ ಸಾಯುತ್ತವೆ.

ಚಟುವಟಿಕೆ

ಒಂದು ಟೊಮೆಟೊ ಹೋಳನ್ನೂ ಒಂದು ಹಿಡಿ ಒಣ ಹೆಸರುಕಾಳನ್ನೂ ರಾತ್ರಿಯಿಡೀ ಫ್ರೀಜರಿನಲ್ಲಿರಿಸಿ ಮರುದಿನ ಹೊರತೆಗೆಯಿರಿ. ಶಾಲೆಯಲ್ಲಿ ಫ್ರಿಜ್ಜಿಲ್ಲದಿದ್ದರೆ ಹತ್ತಿರದ ಅಂಗಡಿಯವರ ನೆರವು ಪಡೆಯಬಹುದು. ಟೊಮೆಟೊ ಮೆತ್ತಗಾಗಿ ನೀರೊಸರುತ್ತದೆ. ನೆನೆಸಿಟ್ಟ ಕಾಳು ಮೊಳೆಯುತ್ತದೆ. ನೀರಿನಂಶ ಹೆಚ್ಚಿರುವ ಜೀವಕೋಶ ಒಡೆಯಿತು, ಒಣಕಾಳು ಉಳಿಯಿತು. ಒಂದೇ ಶೈತ್ಯವು ಎಲ್ಲ ಜೀವಿಗಳನ್ನೂ ಒಂದೇ ಬಗೆಯಲ್ಲಿ ಬಾಧಿಸುವುದಿಲ್ಲವೆಂಬುದನ್ನು ಮಕ್ಕಳೇ ಹೇಳಲಿ.

ಶಿಕ್ಷಕರ ಗಮನಕ್ಕೆ

ಗರ್ಭಾವಸ್ಥೆಯಲ್ಲಿ ಮೊದಲ ಬಾರಿಗೆ ಈ ಸೋಂಕು ತಗುಲಿದರೆ ಶಿಶುವಿಗೆ ಅಪಾಯವುಂಟು. ಈ ಮಾತನ್ನು ಕೇಳಿ ಮಕ್ಕಳು ಭಯದಿಂದ ಮನೆಯ ಬೆಕ್ಕನ್ನು ಹೊರಗಟ್ಟದಂತೆ ಎಚ್ಚರವಹಿಸಬೇಕು. ಊಸಿಸ್ಟ್‌ಗಳು ಸೋಂಕುಕಾರಕವಾಗಲು ಒಂದರಿಂದ ಐದು ದಿನ ಬೇಕಾಗುವುದರಿಂದ ಬೆಕ್ಕಿನ ಮಲವನ್ನು ಪ್ರತಿದಿನ ತೆಗೆಯುವುದು ಫಲಕಾರಿ. ಆ ಕೆಲಸವನ್ನು ಗರ್ಭಿಣಿಯರಲ್ಲದ ಹಿರಿಯರು ಮಾಡಲಿ. ಹಸಿಮಾಂಸ ಅಥವಾ ಮಣ್ಣು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಹೊರಗೆ ಇಲಿ ಹಿಡಿಯುವ ಬೆಕ್ಕಿಗೆ ಫ್ರೀಜರಿನ ರಕ್ಷಣೆಯಿಲ್ಲವೆಂಬುದನ್ನೂ ನೆನಪಿಸಿರಿ.

ಮೌಲ್ಯಮಾಪನ

1. ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟ ಮಾಂಸ ಬೆಕ್ಕಿಗೆ ಏಕೆ ಸುರಕ್ಷಿತವಲ್ಲ?
2. ದಪ್ಪ ಮಾಂಸಕ್ಕೆ ಹೆಚ್ಚು ಅವಧಿ ಬೇಕಾಗುವುದೇಕೆ?
3. ಹೆಪ್ಪುಗಟ್ಟಿಸಿದ ಮಾಂಸವನ್ನೂ ಬೇಯಿಸಬೇಕೆಂಬುದನ್ನು ಎರಡು ಕಾರಣಗಳಿಂದ ಸಮರ್ಥಿಸಿರಿ.