ಟಣ್ ಅನ್ನದ ಶುಕ್ರವಾರ

ಬೆಂಗಳೂರಿನಿಂದ ಕೊಳ್ಳೇಗಾಲದ ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಹನೂರು ಕಡೆಯ ಹಳ್ಳಿಯಿಂದ ಅತ್ತೆಯ ಫೋನು.

"ಏನಪ್ಪ, ಡೈರಿ ಸೆಕ್ರೆಟ್ರಿ ಬಟವಾಡೆ ಆಗದ ಅಂತನ. ಈ ಮೊಬೈಲು ಟಣ್ ಅಂದಿಲ್ಲ ಕನ."

"ನೆಟ್‌ವರ್ಕ್ ಇರಲ್ಲ ಬುಡತ್ತೆ, ನಾಳೆ ಬತ್ತದ."

"ನೆಟ್‌ವರ್ಕು ಇಲ್ಲ ಅಂದ್ರ ನಿಂಗ ಫೋನು ಎಂಗ ಮಾಡ್ದೆ ನಾನು?"

ಉತ್ತರ ಹೊಳೆಯಲಿಲ್ಲ. ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿರುವವನು ನಾನು. ಏನಾದರೂ ಕೆಟ್ಟರೆ ಮೊದಲು ನೆಟ್‌ವರ್ಕ್ ಮೇಲೆ ಹಾಕುವುದು ನಮ್ಮ ಕಸುಬಿನವರಿಗೆ ರೂಢಿಯಾಗಿಬಿಟ್ಟಿದೆ. ಅತ್ತೆಗೆ ಓದು ಬರಹ ಬಾರದು. ಬ್ಯಾಂಕಿನ ಸಂದೇಶವನ್ನು ಅವರು ಕಿವಿಯಿಂದ ಗುರುತು ಹಿಡಿಯುತ್ತಾರೆ. ಶುಕ್ರವಾರ ಸಂಜೆ, ಹಾಲು ಹಾಕಿ ಬರುವ ಹೊತ್ತಿಗೆ, ಗೋಡೆ ಗೂಡಿನಲ್ಲಿಟ್ಟ ಫೋನು ಒಮ್ಮೆ ಸದ್ದು ಮಾಡಬೇಕು. ಆ ವಾರ ಮಾಡಲಿಲ್ಲ. ಅಷ್ಟೇ ಅವರ ದೂರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹನೂರಿಗೆ ಹೋದೆ. ಫೋನು ಕೈಗೆ ತೆಗೆದುಕೊಂಡು ಸೆಟ್ಟಿಂಗ್ಸ್ ಒಳಹೊಕ್ಕ ಎರಡು ನಿಮಿಷಕ್ಕೆ ಬೆನ್ನಲ್ಲಿ ಚಳಿ ಹುಟ್ಟಿತು. ಸಂದೇಶ ತೋರಿಸುವ ಮುಖ್ಯ ಆ್ಯಪ್ ಬದಲಾಗಿತ್ತು. ಅದರ ಜಾಗದಲ್ಲಿ ಕೂತಿದ್ದದ್ದು 'ಲಗ್ನಪತ್ರಿಕೆ' ಎಂಬ ಹೆಸರಿನ, ಮುಖಪುಟದಲ್ಲಿ ಚಿತ್ರವೇ ಕಾಣದ ಒಂದು ಆ್ಯಪ್.

ಎಪಿಕೆ ಫೈಲಿನ ಮದುವೆ ಕರೆಯೋಲೆ ಕಳಿಸಿ ದುಡ್ಡು ದೋಚುವ ಸುದ್ದಿ 2024ರ ಕೊನೆಯಿಂದ ದೇಶದ ಎಲ್ಲೆಡೆ ಬರುತ್ತಿತ್ತು. ನಾನೂ ಓದಿದ್ದೆ, ಗೆಳೆಯರಿಗೆ ಕಳಿಸಿಯೂ ಇದ್ದೆ. ಅದರ ಕೆಲಸ ಹೀಗೆ: ಫೋಟೊ ಎಂದುಕೊಂಡು ಒತ್ತಿದರೆ ಆ್ಯಪ್ ಕೂತುಕೊಳ್ಳುತ್ತದೆ. ಒಂದೊಂದಾಗಿ ಅನುಮತಿ ಕೇಳುತ್ತದೆ. ಕೊನೆಗೆ ಸಂದೇಶಗಳಿಗೆಲ್ಲ ತಾನೇ ಯಜಮಾನ ಆಗಲೇ ಎಂದು ಕೇಳುತ್ತದೆ. 2013ರಲ್ಲಿ ಬಂದ ಆಂಡ್ರಾಯ್ಡ್ 4.4ರಿಂದ ಈಚೆಗೆ ಎಸ್ಎಂಎಸ್ ಬರೆಯುವ, ಅಳಿಸುವ ಹಕ್ಕು ಆ ಒಂದು ಮುಖ್ಯ ಆ್ಯಪ್‌ಗೆ ಮಾತ್ರ. ಅದಕ್ಕೆ ಹೂಂ ಎಂದ ಮೇಲೆ ಓಟಿಪಿ ಕಳ್ಳನ ಕೈಗೆ ಹೋಗುತ್ತದೆ, ಮನೆಯವರ ಕಿವಿಗೆ ಸದ್ದೂ ಬೀಳುವುದಿಲ್ಲ. ಅದೇ ದಾರಿಯಲ್ಲಿ ವಾಟ್ಸ್ಆ್ಯಪ್‌ನ ಓಟಿಪಿಯನ್ನೂ ಎತ್ತಿ, ಆ ಮನೆಯವರ ಹೆಸರಿನಲ್ಲೇ ನಂಟರಿಗೆಲ್ಲ ಮತ್ತೆ ಕರೆಯೋಲೆ ಹಂಚುತ್ತಾರೆ.

ಅತ್ತೆಯ ಫೋನಿಗೆ ಕರೆಯೋಲೆ ಬಂದದ್ದು ಯಳಂದೂರಿನ ನನ್ನ ಸೋದರಮಾವನಿಂದ. ಬೆರಳೊತ್ತಿದ್ದು ಅತ್ತೆಯ ಮಗ. "ಅಪರಿಚಿತ ಮೂಲ ಅಂತ ಬಂದಿರಬೇಕಲ್ವಾ, ಓದ್ಲಿಲ್ವಾ?" ಎಂದೆ. ಅವನು ತಲೆ ತಗ್ಗಿಸಿದ. ಅತ್ತೆ ಬಿಡಲಿಲ್ಲ.

"ಯಳಂದೂರಿಂದ ನಿಮ್ಮಾವ ಕಳ್ಸಿದ್ದು ಅಪರಿಚಿತ ಎಂಗಾಯ್ತದ? ನಿಮ್ಮವ್ವನ ಒಡಹುಟ್ಟಿದವನಲ್ವಾ ಅಂವ?"

ನನ್ನ ಕಸುಬಿನ ಒಂದು ದೊಡ್ಡ ತಪ್ಪನ್ನು ಅವರು ಒಂದೇ ಮಾತಿನಲ್ಲಿ ಹಿಡಿದಿದ್ದರು. ಅಪರಿಚಿತರನ್ನು ನಂಬಬೇಡಿ ಎಂದು ನಾವು ಊರಿಗೆಲ್ಲ ಸಾರುತ್ತೇವೆ. ಆದರೆ ಕೇಡು ಎಷ್ಟೋ ಸಲ ಪರಿಚಿತರ ಮುಖ ಹೊತ್ತೇ ಬರುತ್ತದೆ.

ಇದು ಹಳ್ಳಿಯ ಮುಗ್ಧರ ಕಥೆ ಎಂದು ಯಾರೂ ತಿಳಿಯಬಾರದು. 2024ರ ಮಾರ್ಚ್ 29ರಂದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಲೋಕವೇ ನಡುಗಿತು. ಎಕ್ಸ್‌ಝಡ್ ಎಂಬ ಪುಟ್ಟ ಸಾಫ್ಟ್‌ವೇರ್ ಫೈಲುಗಳನ್ನು ಕುಗ್ಗಿಸುವಂಥದ್ದು, ಲಿನಕ್ಸ್ ಇರುವ ಬಹುತೇಕ ಕಡೆ ಇರುವಂಥದ್ದು. ಅದನ್ನು ಬಹುಕಾಲ ನೋಡಿಕೊಳ್ಳುತ್ತಿದ್ದವರು ಲಾಸ್ಸೆ ಕಾಲಿನ್ ಒಬ್ಬರೇ, ಅದೂ ಸಂಬಳವಿಲ್ಲದೆ. ಜಿಯಾ ಟಾನ್ ಎಂಬ ಹೆಸರಿನವರು ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಅವರಿಗೆ ನೆರವಾದರು, ವಿಶ್ವಾಸ ಗಳಿಸಿದರು, ಯಜಮಾನಿಕೆಯಲ್ಲಿ ಪಾಲು ಪಡೆದರು. ಆಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು ಕೊರೆದರು. ಅದನ್ನು ಹಿಡಿದದ್ದು ಯಾವ ಭದ್ರತಾ ಕಂಪನಿಯೂ ಅಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಡೇಟಾಬೇಸ್ ಎಂಜಿನಿಯರು ಬೇರೆ ಏನನ್ನೋ ಅಳೆಯುತ್ತಿದ್ದಾಗ ಲಾಗಿನ್ ಆಗಲು ಅರ್ಧ ಸೆಕೆಂಡು ತಡವಾಗುತ್ತಿರುವುದು ಕಂಡಿತು. ಯಾಕೆ ಎಂದು ಬೆನ್ನು ಹತ್ತಿದರು.

ನಮ್ಮ ಆಫೀಸಿನಲ್ಲಿ ವಾರಗಟ್ಟಲೆ ಅವರದೇ ಮಾತು. ಹನೂರಿನ ಆ ಮನೆಯಲ್ಲಿ ಕೂತಾಗ ನನಗನ್ನಿಸಿತು, ಅತ್ತೆ ಮಾಡಿದ್ದು ಅದನ್ನೇ. ಇರಬೇಕಾದ ಒಂದು ಸಣ್ಣದು ಇಲ್ಲ ಎಂಬುದನ್ನು ಕಂಡುಕೊಂಡರು, ತಿಳಿದವನು ಸಮಾಧಾನ ಹೇಳಿದರೂ ಒಪ್ಪಲಿಲ್ಲ.

ಅದು ಮೂರನೇ ಶನಿವಾರ, ಪುಣ್ಯಕ್ಕೆ ಬ್ಯಾಂಕು ತೆರೆದಿತ್ತು. ಹಿಂದಿನ ವಾರದ ದುಡ್ಡನ್ನು ಹಿಂಡಿ, ಬೂಸಾಕ್ಕೆ ತೆಗೆದಾಗಿತ್ತು. ಈ ವಾರದ ಬಟವಾಡೆ ಖಾತೆಯಲ್ಲೇ ಇತ್ತು. ಖಾತೆ ಸ್ತಂಭನಗೊಳಿಸಿ, ಸಿಮ್ ತೆಗೆದು, ಫೋನು ಪೂರ್ತಿ ಅಳಿಸಿ ಹೊಸದಾಗಿ ಹೊಂದಿಸಿದೆವು.

ಯಳಂದೂರಿನಲ್ಲಿ ಹಾಗಾಗಲಿಲ್ಲ. ಮಾವ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಮಾರಿ ತಂದ ದುಡ್ಡು, ಮೂವತ್ತೆಂಟು ಸಾವಿರ, ಒಂದು ರಾತ್ರಿಯಲ್ಲಿ ಮೂರು ಕಂತಾಗಿ ಹೋಗಿತ್ತು. ಅದಕ್ಕಿಂತ ನನಗೆ ನೋವಾದದ್ದು ಅವರು ಎರಡು ದಿನ ಯಾರಿಗೂ ಹೇಳಿರಲಿಲ್ಲ ಎಂಬುದು. ಅತ್ತೆಯ ಮನೆಯಿಂದಲೇ ಫೋನ್ ಮಾಡಿ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ಊರವ್ರು ನಗ್ತಾರ ಕಣೊ" ಅಂದರು. ಆ ಎರಡು ದಿನದಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಒಂದು ಕರೆ ಹೋಗಿದ್ದರೆ, ದುಡ್ಡು ಸೇರಿದ ಖಾತೆಯಲ್ಲೇ ಅದನ್ನು ತಡೆಹಿಡಿಯುವ ಅವಕಾಶವಿರುತ್ತಿತ್ತು. ಗಂಟೆಗಳ ಲೆಕ್ಕ ಅದು. ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನದಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಆದರೆ ತಪ್ಪು ತನ್ನದೇ ಎಂದು ನಂಬಿ ಕೂತವನಿಗೆ ಆ ನಿಯಮ ಓದಿ ಹೇಳುವವರು ಯಾರು? ಮಾವನನ್ನು ಜೊತೆಗೆ ಕರೆದುಕೊಂಡು ಚಾಮರಾಜನಗರದ ಸೆನ್ (ಸೈಬರ್ ಅಪರಾಧ) ಠಾಣೆಗೆ ಹೋಗಿ ದೂರು ಕೊಟ್ಟೆವು. ದುಡ್ಡು ಇನ್ನೂ ಬಂದಿಲ್ಲ.

ಆ ದಾರಿಯಲ್ಲಿ ಮಾವನಿಗೆ ನಾನು ಕ್ರೌಡ್‌ಸ್ಟ್ರೈಕ್ ಕಥೆ ಹೇಳಿದೆ. 2024ರ ಜುಲೈ 19ರಂದು ಆ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಫೈಲಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. "ಕಾವಲಿಗೆ ಇಟ್ಕೊಂಡೋರೇ ಕಳ್ಸಿದ್ದಾ?" ಎಂದು ಮಾವ ಎರಡು ಸಲ ಕೇಳಿದರು. ಹೌದು ಎಂದೆ. ದೊಡ್ಡ ದೊಡ್ಡ ಕಂಪನಿಗಳೇ ನಂಬಿದವರಿಂದ ಬಂದ ಫೈಲನ್ನು ಪ್ರಶ್ನಿಸದೆ ತೆರೆದವು, ನೀವು ನಂಟರ ಕಡೆಯಿಂದ ಬಂದ ಲಗ್ನಪತ್ರಿಕೆ ತೆರೆದಿರಿ ಎಂದೆ. ಆಮೇಲೆ ಅವರ ಮಾತು ಸ್ವಲ್ಪ ಸಡಿಲವಾಯಿತು.

ಬೆಂಗಳೂರಿಗೆ ಮರಳಿದ ಮೇಲೆ ನಾನು ನನ್ನದೇ ಕೆಲಸವನ್ನು ಹೊಸ ಕಣ್ಣಿನಿಂದ ನೋಡಿದೆ. ನಮ್ಮ ಕಂಪನಿ ಸಣ್ಣ ಸಾಲ ಕೊಡುವ ಸಂಸ್ಥೆಗಳಿಗೆ ಸಾಫ್ಟ್‌ವೇರ್ ಮಾಡುತ್ತದೆ. ಗ್ರಾಹಕರಿಗೆ ಹೋಗುವ ಓಟಿಪಿ ಸಂದೇಶ ಬರೆದವನು ನಾನೇ. ಇಂಗ್ಲಿಷಿನಲ್ಲಿ ಒಂದು ಸಾಲು. ಮೊದಲು ಸಂಖ್ಯೆ, ಆಮೇಲೆ ಕಂಪನಿ ಹೆಸರು, ತುದಿಯಲ್ಲಿ ಯಾರಿಗೂ ಹೇಳಬೇಡಿ ಎಂಬ ಮಾತು. ಎಷ್ಟು ದುಡ್ಡು ಹೋಗುತ್ತದೆ ಎಂಬುದೇ ಅದರಲ್ಲಿರಲಿಲ್ಲ. ಅತ್ತೆಯ ಮಗನಂಥವನು ಅದನ್ನು ಜೋರಾಗಿ ಓದಿ ಹೇಳುವಾಗ ಮೊದಲು ಬಾಯಿಗೆ ಬರುವುದು ಆ ಆರು ಅಂಕಿ. ಎಚ್ಚರಿಕೆ ಬರುವ ಹೊತ್ತಿಗೆ ಓದುವುದು ಮುಗಿದಿರುತ್ತದೆ.

ಕನ್ನಡದಲ್ಲಿ ಕಳಿಸೋಣ ಎಂದೆ. ಅಡ್ಡಿ ಬಂದದ್ದು ಲೆಕ್ಕ. ಇಂಗ್ಲಿಷ್ ಎಸ್ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಸುತ್ತದೆ, ಕನ್ನಡದ್ದರಲ್ಲಿ 70 ಮಾತ್ರ. ಅದೂ ನಾವು ಎಣಿಸುವ ಅಕ್ಷರವಲ್ಲ. 'ಕೊಳ್ಳೇಗಾಲ' ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ವ್ಯಂಜನ, ಸ್ವರಚಿಹ್ನೆ, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುವ ಯಂತ್ರಕ್ಕೆ ಅದು ಒಂಬತ್ತು. ಹಾಗಾಗಿ ಒಂದು ಕನ್ನಡ ಸಂದೇಶಕ್ಕೆ ಎರಡು, ಮೂರರ ಬೆಲೆ ಬೀಳುತ್ತದೆ. ಇಷ್ಟು ವರ್ಷ ನಮ್ಮ ಜನರಿಗೆ ಎಚ್ಚರಿಕೆ ಪರಭಾಷೆಯಲ್ಲಿ ಹೋದದ್ದಕ್ಕೆ ಇದೂ ಒಂದು ಕಾರಣ ಎಂದು ತಿಳಿದಾಗ ಸಿಟ್ಟು ಬಂತು. ವಾಕ್ಯವನ್ನು ಹಿಂಡಿ ಹಿಂಡಿ ಬರೆದೆ: 'ನಿಮ್ಮ ಖಾತೆಯಿಂದ ರೂ.5000 ಹೋಗುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಈ ಸಂಖ್ಯೆ ಯಾರಿಗೂ ಹೇಳಬೇಡಿ.' ಆಮೇಲೆ ಸಂಖ್ಯೆ. ಒಂದು ಸಂದೇಶದಲ್ಲಿ ಹಿಡಿಸಲಿಲ್ಲ, ಎರಡಾಯಿತು. ಕಂಪನಿ ಕೊನೆಗೆ ಒಪ್ಪಿತು. ಇಂಥ ಪ್ರತಿ ಸಂದೇಶದ ಮಾದರಿಯನ್ನೂ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದ ಪ್ರಕಾರ ಮೊದಲೇ ನೋಂದಾಯಿಸಬೇಕು. ಅದೂ ಆಯಿತು.

ಇನ್ನೊಂದು ತಪ್ಪನ್ನು ಇಲ್ಲಿ ಹೇಳದಿದ್ದರೆ ಅತ್ತೆಗೆ ಅನ್ಯಾಯ ಮಾಡಿದಂತೆ. ಬೆರಳಚ್ಚಿನ ನಕಲು ಮಾಡಿ ಆಧಾರ್ ಮೂಲಕ ದುಡ್ಡು ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಯಲಾಗಿದ್ದವು. ಆಸ್ತಿ ನೋಂದಣಿ ಪತ್ರದ ಮೇಲಿನ ಹೆಬ್ಬೆಟ್ಟು ಸಾಕಾಗಿತ್ತು ಕಳ್ಳರಿಗೆ. ಅದು ನೆನಪಾಗಿ ಅತ್ತೆಯ ಆಧಾರ್ ಬಯೊಮೆಟ್ರಿಕ್‌ಗೆ ಬೀಗ ಹಾಕಿ ಬಂದಿದ್ದೆ. ತಿಂಗಳ ರೇಷನ್ನಿಗೆ ಹೋದರೆ ಯಂತ್ರ ಅವರ ಬೆರಳು ಒಪ್ಪಲಿಲ್ಲ. ಬೀಗ ತೆಗೆಯಲು ನನ್ನನ್ನು ಕೇಳೋಣವೆಂದರೆ ನಾನು ಮೀಟಿಂಗ್‌ನಲ್ಲಿದ್ದೆ. ಖಾಲಿ ಚೀಲ ಹಿಡಿದು ಎರಡು ಮೈಲಿ ಹಿಂದಕ್ಕೆ ನಡೆದಿದ್ದರು. ಆ ಬೀಗ ತೆಗೆದೆ. ಬದಲಿಗೆ ಹಾಲಿನ ದುಡ್ಡಿನ ಖಾತೆಯಿಂದ ಬೆರಳಚ್ಚಿನ ಮೇಲೆ ಹಣ ತೆಗೆಯುವುದನ್ನು ಮಾತ್ರ ನಿಲ್ಲಿಸುವಂತೆ ಬ್ಯಾಂಕಿಗೆ ಅರ್ಜಿ ಬರೆದುಕೊಟ್ಟೆವು. ಅವರನ್ನು ಕೇಳದೆ ಅವರ ಬೆರಳಿಗೆ ಬೀಗ ಹಾಕಿದ್ದಕ್ಕೆ ಕ್ಷಮೆ ಕೇಳಿದೆ. "ಆಯ್ತು ಬುಡು, ಇನ್ಮೇಲ ಕೇಳ್ಬುಟ್ಟು ಮಾಡು" ಅಂದರು.

ಅವರು ನನ್ನಿಂದ ಕೇಳಿದ್ದು ಒಂದೇ. ಹಾಲಿನ ದುಡ್ಡಿನ ಸದ್ದು ಬೇರೆ ಮಾಡಿಕೊಡು, ಮಿಕ್ಕಿದವೆಲ್ಲ ಟಣ್ ಟಣ್ ಅಂತಲೇ ಇರುತ್ತವೆ, ಯಾವುದು ಯಾವುದೆಂದು ತಿಳಿಯುವುದಿಲ್ಲ ಎಂದು. ಬ್ಯಾಂಕಿನ ಸಂದೇಶಕ್ಕೆ ಮಾತ್ರ ಗಂಟೆಯ ಸದ್ದು ಹಾಕಿಕೊಟ್ಟೆ.

ಮೊನ್ನೆ ಶುಕ್ರವಾರ ಸಂಜೆ ಅವರ ಕರೆ ಬಂತು. "ಗಂಟ ಹೊಡೀತು ಕನಪ್ಪ" ಎಂದಷ್ಟೇ ಹೇಳಿ ಇಟ್ಟರು. ಹಿಂದೆ ಎಲ್ಲೋ ಕರು ಅಂಬಾ ಅನ್ನುತ್ತಿತ್ತು.