ರೋಮಿಗೆ ಹೊರಟವರಿಗೊಂದು ಕಿವಿಮಾತು

ರೋಮಿಗೆ ಹೊರಟಿದ್ದೀರಾ? ಮೊದಲು ದಪ್ಪ ಅಟ್ಟೆಯ ಶೂ ಕೊಳ್ಳಿ. ಹಳೆಯ ಬೀದಿಗಳಿಗೆ ಹಾಸಿರುವುದು ‘ಸಾಂಪಿಯೆತ್ರಿನಿ’ ಎಂಬ ಕರಿಗಲ್ಲು. ತೆಳು ಚಪ್ಪಲಿ ಹಾಕಿದರೆ ಸಂಜೆಯೊಳಗೆ ಅಂಗಾಲು ಉರಿಯುತ್ತದೆ.

ಕುಡಿಯುವ ನೀರಿಗೆ ದುಡ್ಡು ಸುರಿಯಬೇಡಿ. 1874ರಿಂದಲೂ ಅಲ್ಲಿ ‘ನಾಸೋನಿ’ ಎಂಬ ಬೀದಿ ನಲ್ಲಿಗಳಿವೆ. ಮೂಗಿನಂತೆ ಬಾಗಿದ ಕೊಳವೆಯ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಮೇಲಿನ ಸಣ್ಣ ತೂತಿನಿಂದ ತಣ್ಣನೆಯ ನೀರು ಚಿಮ್ಮಿ ಬಾಯಿಗೇ ಬರುತ್ತದೆ.

ಬಸ್ ಹತ್ತಿದೊಡನೆ ಕಾಗದದ ಟಿಕೆಟ್ಟನ್ನು ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿ. ಮುದ್ರೆಯಿಲ್ಲದ ಟಿಕೆಟ್ ಕೈಯಲ್ಲಿದ್ದರೂ ದಂಡ ಕಟ್ಟಬೇಕಾದೀತು. ಸಂತ ಪೀಟರರ ಬಸಿಲಿಕಾಕ್ಕೆ ಹೋಗುವಾಗ ಭುಜ, ಮಂಡಿ ಮುಚ್ಚುವ ಉಡುಪಿರಲಿ.

ಮುಖ್ಯವಾಗಿ, ಎಲ್ಲವನ್ನೂ ಎರಡೇ ದಿನಕ್ಕೆ ತುರುಕಬೇಡಿ. ಒಂದು ಮಧ್ಯಾಹ್ನ ಪ್ಯಾಂಥಿಯಾನ್ ಗುಮ್ಮಟದ ಕೆಳಗೆ ಸುಮ್ಮನೆ ನಿಲ್ಲಿ. ಬೆಳಕಿಂಡಿಯಿಂದಿಳಿದ ಬಿಸಿಲುಕೋಲು ಗೋಡೆಯ ಮೇಲೆ ಮೆಲ್ಲಗೆ ಸರಿಯುವುದನ್ನು ಕಣ್ತುಂಬಿಕೊಳ್ಳಿ.