ಕಾಲೇಜಿನ ರಸಾಯನಶಾಸ್ತ್ರದ ಮೊದಲನೆಯ ಪರೀಕ್ಷೆ

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಪಿ.ಯು. ಕಾಲೇಜಿನಲ್ಲಿ ವಿಜ್ಞಾನವನ್ನು ಆರಿಸಿಕೊಂಡ ಬಾಲಿಕೆಯರಲ್ಲಿ ಕೆಲವರು, ಮೊದಲನೆಯ ಕಿರುಪರೀಕ್ಷೆಯಾದ ಕೂಡಲೆ ಬಾಡಿದ ಮುಖದಿಂದ ನಮ್ಮ ಬಳಿಗೆ ಬರುವುದುಂಟು. ಅವರನ್ನು ಅಂಜಿಸಿದ ವಿಷಯವು ಬಹುಮಟ್ಟಿಗೆ ರಸಾಯನಶಾಸ್ತ್ರವೇ. "ಇದು ನನ್ನಿಂದಾಗದು" ಎಂದು ಮಗಳು ಹೇಳುವಳು. "ಹಾಗಾದರೆ ವಿಜ್ಞಾನವನ್ನು ಬಿಟ್ಟುಬಿಡಲಿ" ಎಂದು ಮನೆಯವರು ಹೇಳುವರು. ಒಂದು ಘಂಟೆಯ ಪರೀಕ್ಷೆಯ ಅಂಕಗಳನ್ನು ನೋಡಿ ಒಬ್ಬ ಹುಡುಗಿಯ ಮುಂದಿನ ದಾರಿಯನ್ನು ಮುಚ್ಚುವುದು ನಮಗೆ ಸರಿಕಾಣುವುದಿಲ್ಲ. ಯಾಕಂದರೆ ಆ ಸೋಲಿನ ಕಾರಣವು ಬುದ್ಧಿಯ ಕೊರತೆಯಲ್ಲ. ಅದು ಎರಡು ಮೂರು ಸಣ್ಣ ಸ್ಥಳಗಳಲ್ಲಿ ಅಡಗಿರುವುದು. ಆ ಸ್ಥಳಗಳನ್ನು ತೋರಿಸುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇವೆ.

ಮೊದಲನೆಯದು ಭಾಷೆ. ಕನ್ನಡದಲ್ಲಿ ಕಲಿತವಳಿಗೆ ಕಾಲೇಜಿನಲ್ಲಿ ಎಲ್ಲವೂ ಒಮ್ಮೆಲೆ ಇಂಗ್ಲಿಷಿನಲ್ಲಿ ಎದುರಾಗುವುದು. ಆಗ ತಾನು ಕಲಿತದ್ದೆಲ್ಲವೂ ವ್ಯರ್ಥವಾಯಿತೆಂದು ಅವಳು ತಿಳಿಯುವಳು. ಸಂಗತಿಯು ಹಾಗಿಲ್ಲ. ಆಕ್ಸಿಜನ್ ಎಂಬ ಗ್ರೀಕ್ ಮೂಲದ ಹೆಸರಿಗೆ ಆಮ್ಲವನ್ನು ಹುಟ್ಟಿಸುವುದು ಎಂದೂ, ಹೈಡ್ರೋಜನ್ ಎಂಬುದಕ್ಕೆ ನೀರನ್ನು ಹುಟ್ಟಿಸುವುದು ಎಂದೂ ಅರ್ಥ. ನಮ್ಮ ಆಮ್ಲಜನಕ, ಜಲಜನಕ ಎಂಬ ಮಾತುಗಳು ಅದನ್ನೇ ಹೇಳುತ್ತವೆ. ಜಲಜನಕವು ಉರಿದರೆ ನೀರಾಗುವುದೆಂಬುದನ್ನು ನಮ್ಮ ಹುಡುಗಿಯು ಹೆಸರಿನಲ್ಲಿಯೇ ಕಲಿತಿದ್ದಾಳೆ. (ಆಮ್ಲಗಳಿಗೆಲ್ಲಾ ಆಮ್ಲಜನಕವೇ ಮೂಲವೆಂದು ಫ್ರಾನ್ಸ್ ದೇಶದ ಲವಾಸಿಯೆ ಪಂಡಿತನು ನಂಬಿ ಆ ಹೆಸರಿಟ್ಟನು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಲೇಶವೂ ಇಲ್ಲ. ಹೆಸರು ಮಾತ್ರ ಉಳಿಯಿತು.) ಆದಕಾರಣ ಕನ್ನಡದ ಮಾತನ್ನು ಮರೆಯಬೇಕಾಗಿಲ್ಲ. ಒಂದು ಚಿಕ್ಕ ಪುಸ್ತಕದಲ್ಲಿ ಎಡಕ್ಕೆ ಕನ್ನಡದ ಪದವನ್ನೂ ಬಲಕ್ಕೆ ಇಂಗ್ಲಿಷಿನದನ್ನೂ ದಿನಕ್ಕೆ ಐದರಂತೆ ಬರೆದಿಟ್ಟರೆ, ಎರಡು ತಿಂಗಳಲ್ಲಿ ೩೦೦ ಪದಗಳಾಗುವವು. ಮೊದಲನೆಯ ಪರೀಕ್ಷೆಗೆ ಅಷ್ಟು ಸಾಕು.

ಎರಡನೆಯದು ಮೋಲ್ ಎಂಬ ಲೆಕ್ಕ. ಇದು ತಿಳಿಯದವಳಿಗೆ ಪುಸ್ತಕದ ಉಳಿದ ಭಾಗವೂ ತಿಳಿಯದು. ಆದುದರಿಂದ ಇಲ್ಲಿ ತುಸು ನಿಲ್ಲುವೆವು. ಹನ್ನೆರಡಕ್ಕೆ ಡಜನ್ ಎನ್ನುವೆವಷ್ಟೆ. ಪರಮಾಣುಗಳು ಅತಿಸೂಕ್ಷ್ಮವಾದುದರಿಂದ ಅವುಗಳ ಕಂತೆಯು ಬಹು ದೊಡ್ಡದಾಗಿರಬೇಕು. ೬.೦೨೨ನ್ನು ಹತ್ತರ ೨೩ನೆಯ ಘಾತದಿಂದ ಗುಣಿಸಿದಷ್ಟು ಕಣಗಳ ಕಂತೆಗೆ ಒಂದು ಮೋಲ್ ಎಂದು ಹೆಸರು. ೨೦೧೯ರಿಂದ ಈ ಸಂಖ್ಯೆಯನ್ನು ಅಳತೆಗಳ ಅಂತರರಾಷ್ಟ್ರೀಯ ಕ್ರಮದಲ್ಲಿ ಕಡೆಯ ಅಂಕಿಯ ವರೆಗೆ ನಿಶ್ಚಯಿಸಿದ್ದಾರೆ. ನೀರಿನ ಒಂದು ಮೋಲ್ ೧೮ ಗ್ರಾಂ ತೂಗುವುದು. ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡುವರು. ಎಡವುವುದು ಮುಂದಿನ ಹೆಜ್ಜೆಯಲ್ಲಿ.

೧೦ ಗ್ರಾಂ ಜಲಜನಕವನ್ನು ೬೪ ಗ್ರಾಂ ಆಮ್ಲಜನಕದೊಡನೆ ಉರಿಸಿದರೆ ಎಷ್ಟು ನೀರು ದೊರೆಯುವುದು? ಅವಸರಪಡುವವಳು ಎರಡನ್ನೂ ಕೂಡಿಸಿ ೭೪ ಎಂದು ಬರೆಯುವಳು. ನಮ್ಮ ಹೊಲಿಗೆಯ ತರಗತಿಯನ್ನು ನೆನಸಿಕೊಳ್ಳಿರಿ. ಒಂದು ಅಂಗಿಗೆ ಐದು ಗುಂಡಿಗಳು ಬೇಕು. ೧೨ ಅಂಗಿಗಳಿಗೆ ಬಟ್ಟೆಯುಂಟು, ಗುಂಡಿಗಳು ಮಾತ್ರ ೫೦. ಮುಗಿಯುವ ಅಂಗಿಗಳು ಹತ್ತೇ. ಎರಡರ ಬಟ್ಟೆಯು ಉಳಿಯುವುದು. ಇಲ್ಲಿಯೂ ಹಾಗೆಯೇ. ೬೪ ಗ್ರಾಂ ಆಮ್ಲಜನಕವೆಂದರೆ ೨ ಮೋಲ್. ಅದಕ್ಕೆ ಬೇಕಾದ ಜಲಜನಕವು ೪ ಮೋಲ್, ಅಂದರೆ ೮ ಗ್ರಾಂ. ಹುಟ್ಟುವ ನೀರು ೪ ಮೋಲ್, ಅಂದರೆ ೭೨ ಗ್ರಾಂ. ೨ ಗ್ರಾಂ ಜಲಜನಕವು ಸುಮ್ಮನೆ ಉಳಿಯುವುದು. ೭೨ಕ್ಕೆ ೨ನ್ನು ಕೂಡಿಸಿದರೆ ಮೊದಲಿನ ೭೪ ಸರಿಹೋಗುವುದು. ಹೀಗೆ ಉತ್ತರವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು. ಮೊದಲು ಯಾವುದು ಮುಗಿಯುವುದು ಎಂದು ಕೇಳುವ ಅಭ್ಯಾಸವಾದರೆ ಈ ಜಾತಿಯ ಲೆಕ್ಕಗಳೆಲ್ಲವೂ ಒಂದೇ ಲೆಕ್ಕವಾಗುವವು.

ಪರಿಮಾಣಗಳ ವಿಷಯದಲ್ಲಿ ಒಂದೇ ಮಾತು. ೪ ಗ್ರಾಂ ಸೋಡಿಯಂ ಹೈಡ್ರಾಕ್ಸೈಡನ್ನು ನೀರಿನಲ್ಲಿ ಕರಗಿಸಿ ೨೫೦ ಮಿಲಿಲೀಟರ್ ದ್ರಾವಣವನ್ನು ಮಾಡಿದರೆ ಅದರ ಪ್ರಬಲತೆಯು ಲೀಟರಿಗೆ ೦.೪ ಮೋಲ್. ಮಿಲಿಲೀಟರನ್ನು ಲೀಟರಿಗೆ ತಿರುಗಿಸದವಳು ೦.೦೦೦೪ ಎಂದು ಬರೆದುಬಿಡುವಳು. ಪ್ರತಿಯೊಂದು ಅಂಕಿಯ ಮುಂದೆಯೂ ಅದರ ಪರಿಮಾಣವನ್ನು ಬರೆಯದೆ ಮುಂದಿನ ಸಾಲಿಗೆ ಹೋಗಬಾರದು. ಪರೀಕ್ಷೆಯ ಬೆಳಿಗ್ಗೆ ಪ್ರಾರ್ಥನೆ ಮಾಡುವುದು ಒಳ್ಳೆಯದೇ. ಆದರೆ ಅದು ಬಿಟ್ಟುಹೋದ ಮಿಲಿಲೀಟರನ್ನು ತುಂಬಿಕೊಡುವುದೆಂದು ನಾವು ಯಾರಿಗೂ ಕಲಿಸಿಲ್ಲ.

ಓದುವ ಕ್ರಮವು ಹೇಗಿರಬೇಕು? ಪುಸ್ತಕದ ಸಾಲುಗಳಿಗೆ ಬಣ್ಣಬಣ್ಣದ ಗೆರೆಗಳನ್ನೆಳೆದು ಹತ್ತು ಸಾರಿ ಓದುವುದರಿಂದ ಗುರುತು ಹತ್ತುವುದೇ ಹೊರತು ಜ್ಞಾನವು ನಿಲ್ಲುವುದಿಲ್ಲ. ಒಮ್ಮೆ ಓದಿ, ಪುಸ್ತಕವನ್ನು ಮುಚ್ಚಿ, ನೆನಪಿನಿಂದ ಬರೆದು, ಆಮೇಲೆ ತೆರೆದು ತಿದ್ದಿಕೊಳ್ಳಬೇಕು. ಎರಡು ದಿನಗಳ ಮೇಲೆ ಮತ್ತೊಮ್ಮೆ, ವಾರದ ಮೇಲೆ ಇನ್ನೊಮ್ಮೆ. ಒಬ್ಬ ಗೆಳತಿಯು ಪ್ರಶ್ನೆ ಕೇಳುವವಳಾಗಿ ಜೊತೆಗಿದ್ದರೆ ಇನ್ನೂ ಮೇಲು. ೧೮೦೬ರಲ್ಲಿ ಲಂಡನಿನಲ್ಲಿ ಜೇನ್ ಮಾರ್ಸೆಟ್ ಎಂಬ ಮಹಿಳೆಯು ಒಬ್ಬ ಉಪಾಧ್ಯಾಯಿನಿಯೂ ಇಬ್ಬರು ಬಾಲಿಕೆಯರೂ ಪ್ರಶ್ನೋತ್ತರ ಮಾಡುವ ರೂಪದಲ್ಲಿ ರಸಾಯನಶಾಸ್ತ್ರದ ಪುಸ್ತಕವೊಂದನ್ನು ಬರೆದು, ತನ್ನ ಹೆಸರನ್ನೂ ಹಾಕದೆ ಪ್ರಕಟಿಸಿದಳು. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿಯುತ್ತಿದ್ದ ಮೈಕೇಲ್ ಫ್ಯಾರಡೆ ಎಂಬ ಬಡ ಹುಡುಗನು ಅದನ್ನೋದಿಯೇ ಈ ಶಾಸ್ತ್ರದಲ್ಲಿ ಕಾಲೂರಿದನು. ಸ್ತ್ರೀಯರಿಗಾಗಿ ಬರೆದ ಪಾಠದಿಂದ ಅಂಥ ಪಂಡಿತನು ಎದ್ದನೆಂಬುದನ್ನು, ಇದು ಹುಡುಗರ ವಿಷಯವೆನ್ನುವ ನೆಂಟರಿಗೆ ಹೇಳಬಹುದು. ನಮ್ಮ ದೇಶದಲ್ಲಿಯೂ ಅಸೀಮಾ ಚಟರ್ಜಿಯವರು ಕಲ್ಕತ್ತೆಯ ಸ್ಕಾಟಿಷ್ ಚರ್ಚ್ ಎಂಬ ಮಿಷನ್ ಕಾಲೇಜಿನಲ್ಲಿ ಇದೇ ವಿಷಯವನ್ನು ಕಲಿತು, ೧೯೪೪ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪದವಿಯನ್ನು ಪಡೆದರು.

ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯು ಒಂದುಂಟು. ಮಗನು ಓದಲು ಕೂತಾಗ ಯಾರೂ ಅವನನ್ನು ಕರೆಯುವುದಿಲ್ಲ. ಮಗಳು ಕೂತರೆ ಒಲೆಯ ಮೇಲಿನ ಹಾಲು, ಬಾಗಿಲಿಗೆ ಬಂದವರು, ಅಳುವ ತಮ್ಮ, ಎಲ್ಲವೂ ಅವಳ ಪಾಲಿಗೆ. ಲೆಕ್ಕದ ನಡುವೆ ಎದ್ದುಹೋದವಳು ತಿರುಗಿ ಬಂದು ಮೊದಲಿನಿಂದ ಆರಂಭಿಸಬೇಕು. ಸಂಜೆ ಒಂದೂವರೆ ಘಂಟೆಯನ್ನು ಅವಳಿಗೆಂದೇ ಬಿಟ್ಟುಕೊಡಿರಿ. ಮನೆಪಾಠಕ್ಕೆ ಹಣವನ್ನು ಹೊಂದಿಸುವುದಕ್ಕಿಂತ ಮೊದಲು ಆಗಬೇಕಾದದ್ದು ಇದೇ.

ಇನ್ನು ಪ್ರಯೋಗಪರೀಕ್ಷೆ. ಪೊಟ್ಯಾಸಿಯಂ ಪರ್ಮಾಂಗನೇಟನ್ನು ಆಕ್ಸಾಲಿಕ್ ಆಮ್ಲದೊಡನೆ ಅಳೆಯುವಾಗ, ಪಾತ್ರೆಗೆ ಸಾರರಿಕ್ತ ಗಂಧಕಾಮ್ಲವನ್ನು ಹಾಕಿ ಸುಮಾರು ೬೦ ಡಿಗ್ರಿ ಸೆಲ್ಸಿಯಸ್ ವರೆಗೆ ಕಾಯಿಸುವರು. ಗಂಧಕಾಮ್ಲಕ್ಕೆ ಬದಲಾಗಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಹಾಕಿದರೆ ಪರ್ಮಾಂಗನೇಟು ಅದರೊಡನೆಯೂ ವರ್ತಿಸುವುದರಿಂದ ಅಳತೆಯು ಕೆಡುವುದು. ಮೊದಲನೆಯ ಹನಿಗಳ ಬಣ್ಣವು ಬೇಗ ಮಾಯವಾಗದಿದ್ದರೆ ಹೆದರಬೇಕಾಗಿಲ್ಲ. ಸ್ವಲ್ಪ ಮ್ಯಾಂಗನೀಸ್ ಲವಣವು ಹುಟ್ಟಿದೊಡನೆ ಅದೇ ಮುಂದಿನ ಕ್ರಿಯೆಯನ್ನು ಚುರುಕುಗೊಳಿಸುವುದು. ಕಡೆಗೆ ಒಂದು ಹನಿಯಿಂದ ನಸುಗೆಂಪು ಬಣ್ಣವು ಬಂದು ಅರ್ಧ ನಿಮಿಷ ನಿಂತರೆ ಅಲ್ಲಿಗೆ ನಿಲ್ಲಿಸಬೇಕು. ಬ್ಯೂರೆಟಿನಲ್ಲಿ ಇತರ ದ್ರವಗಳನ್ನು ಕೆಳಗಿನ ಬಾಗಿನಲ್ಲಿ ಓದುವೆವು. ಪರ್ಮಾಂಗನೇಟು ಕಡುಬಣ್ಣದ್ದಾದುದರಿಂದ ಕೆಳಗಿನ ಬಾಗು ಕಾಣದು, ಮೇಲಿನ ಅಂಚಿನಲ್ಲಿಯೇ ಓದಬೇಕು, ಆರಂಭದಲ್ಲಿಯೂ ಕಡೆಯಲ್ಲಿಯೂ.